ಟಿಂಕುಗೂ ಒಂದು ತಟ್ಟೆ ಹಾಕಮ್ಮ

ಚಿಕ್ಕ ಮಕ್ಕಳ ಕಲ್ಪನೆ, ಮದುವೆಯ ಮೈಲಿಗಲ್ಲುಗಳು, ಮನೆಯ ಹಿರಿಯರ ಶಾಂತಿ: ಓದುಗರ ಏಳು ಪ್ರಶ್ನೆಗಳಿಗೆ ಈ ಸಲದ ಉತ್ತರ.

ನಮ್ಮ ಮಗಳಿಗೆ ನಾಲ್ಕು ವರ್ಷ. ಎರಡು ತಿಂಗಳಿಂದ ‘ಟಿಂಕು’ ಅನ್ನೋ ಗೆಳತಿ ಜೊತೆಗಿದ್ದಾಳೆ ಅಂತಾಳೆ. ನಮ್ಮ ಕಣ್ಣಿಗೆ ಯಾರೂ ಕಾಣಲ್ಲ. ಊಟಕ್ಕೆ ಕೂತರೆ ಅವಳಿಗೂ ತಟ್ಟೆ ಹಾಕಬೇಕು, ಸ್ಕೂಟರ್ ಹೊರಡಬೇಕಾದರೆ ಅವಳು ಹತ್ತೋವರೆಗೆ ಕಾಯಬೇಕು. ಹಾಲು ಚೆಲ್ಲಿದರೆ ಟಿಂಕು ಚೆಲ್ಲಿದ್ದು. ಗಾಳಿ ಸೋಕಿದೆ ಅಂತ ಅತ್ತೆ ಕೊರಳಿಗೆ ತಾಯಿತ ಕಟ್ಟಿಸಿದ್ದಾರೆ. ಡಾಕ್ಟರಿಗೆ ತೋರಿಸಬೇಕಾ?
— ತಾಯಿ, ಶಿವಮೊಗ್ಗ

ನೀವು ಬರೆದಿರುವಷ್ಟಕ್ಕೆ ತೋರಿಸಬೇಕಾಗಿಲ್ಲ. ಮೂರರಿಂದ ಏಳು ವರ್ಷದ ಮಕ್ಕಳಿಗೆ ಇಂಥ ಕಾಣದ ಜೊತೆಗಾರರು ಇರುವುದು ತೀರಾ ಸಾಮಾನ್ಯ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಜರಿ ಟೇಲರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷ ತುಂಬುವುದರೊಳಗೆ ಸುಮಾರು ಶೇ 65ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಇಂಥ ಜೊತೆ ಇದ್ದದ್ದು ಕಂಡುಬಂದಿತ್ತು. ಜೀವ ತುಂಬಿ ಮಾತಾಡಿಸುವ ಗೊಂಬೆಗಳೂ ಆ ಲೆಕ್ಕದಲ್ಲಿ ಸೇರಿದ್ದವು. ಟಿಂಕು ನಿಜವಾಗಿ ಇಲ್ಲ ಅನ್ನುವುದು ನಿಮ್ಮ ಮಗಳಿಗೂ ಗೊತ್ತು. ನೀವು ತೀರಾ ಗಂಭೀರವಾಗಿ ವಿಚಾರಿಸಿಕೊಳ್ಳತೊಡಗಿದರೆ ‘ಅಮ್ಮಾ, ಅದು ಸುಮ್ಮನೆ ಆಟಕ್ಕೆ’ ಅಂತ ಅವಳೇ ನಿಮ್ಮನ್ನು ಸಮಾಧಾನಪಡಿಸಿಯಾಳು.

ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಆ ಆಟದ ಯಜಮಾನಿ ಮಗಳು. ನೀವು ಒಂದು ಹೆಜ್ಜೆ ಹಿಂದೆ ಇರಿ. ‘ಟಿಂಕು ಇವತ್ತು ಏನು ಮಾಡ್ತಿದ್ದಾಳೆ?’ ಅಂತ ಕೇಳಬಹುದು. ‘ಟಿಂಕು ನೋಡು, ಎಷ್ಟು ಚೆನ್ನಾಗಿ ಉಂಡಳು, ನೀನು ಮಾತ್ರ ಉಣ್ಣಲ್ಲ’ ಅನ್ನಬಾರದು. ಮಗುವನ್ನು ಬಗ್ಗಿಸಲು ಅವಳದೇ ಗೆಳತಿಯನ್ನು ಬಳಸಿದ ದಿನ ಆಟ ಅವಳ ಕೈತಪ್ಪುತ್ತದೆ. ಆಮೇಲೆ ಅವಳು ಟಿಂಕುವಿನ ಸುದ್ದಿಯನ್ನು ನಿಮ್ಮಿಂದ ಮುಚ್ಚಿಡುತ್ತಾಳೆ. ನೆಂಟರು ಬಂದಾಗ ‘ಟಿಂಕು ಎಲ್ಲಿ, ತೋರಿಸು’ ಅಂತ ಕುಣಿಸುವುದೂ ಬೇಡ.

ತಟ್ಟೆಯ ವಿಷಯ. ಒಂದು ಚಿಕ್ಕ ತಟ್ಟೆಯನ್ನೋ ಬಟ್ಟಲನ್ನೋ ಟಿಂಕುವಿಗೆಂದೇ ಇಡಿ. ಅದಕ್ಕೆ ಹೊಸದಾಗಿ ಅನ್ನ ಬಡಿಸಬೇಡಿ, ಮಗಳೇ ತನ್ನ ತಟ್ಟೆಯಿಂದ ಒಂದು ಚಮಚ ಹಾಕಲಿ. ಊಟ ಮುಗಿದಾಗ ‘ಟಿಂಕುಗೆ ಹೊಟ್ಟೆ ತುಂಬಿತಂತಾ? ಉಳಿದದ್ದು ನೀನು ಮುಗಿಸ್ತೀಯಾ?’ ಅಂದರೆ ಅನ್ನ ದಂಡವಾಗುವುದಿಲ್ಲ. ಸ್ಕೂಟರಿನ ಹತ್ತಿರ ಐದು ಎಣಿಸುವಷ್ಟು ಹೊತ್ತು ಕಾಯಿರಿ, ಅದಕ್ಕಿಂತ ಹೆಚ್ಚಿಲ್ಲ. ಶಾಲೆಗೆ ಹೊತ್ತಾದಾಗ ಟಿಂಕುವೂ ಓಡಿ ಬರಲೇಬೇಕು, ಮನೆಯ ನಿಯಮ ಇಬ್ಬರಿಗೂ ಒಂದೇ. ಹಾಲು ಚೆಲ್ಲಿದಾಗ ‘ಟಿಂಕು ಇಲ್ಲವೇ ಇಲ್ಲ, ನೀನೇ ಚೆಲ್ಲಿದ್ದು’ ಅಂತ ವಾದಕ್ಕೆ ನಿಂತರೆ ಹಾಲು ನೆಲದಲ್ಲೇ ಇರುತ್ತದೆ, ಮಗು ಅಳುತ್ತಾ ಇರುತ್ತದೆ. ‘ಸರಿ, ಒರೆಸೋ ಬಟ್ಟೆ ತಗೊಂಡು ಬಾ, ಹೇಗೆ ಒರೆಸೋದು ಅಂತ ಟಿಂಕುಗೆ ತೋರಿಸಿಕೊಡು’ ಅನ್ನಿ. ಚೆಲ್ಲಿದವರು ಯಾರಾದರೇನು, ನೆಲ ಒರೆಸುವ ಕೆಲಸ ಮಗಳದ್ದೇ.

ಅತ್ತೆಯವರೊಡನೆ ಜಗಳ ಬೇಡ. ಮೊಮ್ಮಗಳ ಮೇಲಿನ ಅಕ್ಕರೆಯೇ ಅವರಿಂದ ಇದನ್ನು ಮಾಡಿಸಿರುವುದು. ಉಪ್ಪು-ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರೆ ನಷ್ಟವಿಲ್ಲ, ಮೆಣಸಿನಕಾಯಿಯ ಘಾಟು ಮಗುವಿನ ಮೂಗಿಗೆ ಬಡಿಯದ ಹಾಗೆ ದೂರದಲ್ಲಿ ಸುಡಲಿ. ಆದರೆ ಕೊರಳಿನ ದಾರವನ್ನು ಇವತ್ತೇ ಬಿಚ್ಚಿಸಿ. ನಿದ್ದೆಯಲ್ಲಿ ಹೊರಳಾಡುವಾಗ, ಜಾರುಬಂಡೆಯಲ್ಲಿ ಆಡುವಾಗ ಅದು ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ‘ತಾಯಿತ ಇರಲಿ ಅತ್ತೆ, ಸೊಂಟದ ಉಡಿದಾರಕ್ಕೆ ಕಟ್ಟೋಣ’ ಅಂದರೆ ಅವರೂ ಒಪ್ಪಿಯಾರು. ಇನ್ನೊಂದು ಕೋರಿಕೆಯನ್ನೂ ಅವರ ಮುಂದಿಡಿ: ಮಗುವಿನ ಕಿವಿಗೆ ಬೀಳುವಂತೆ ‘ಗಾಳಿ ಹಿಡಿದಿದೆ’ ಅನ್ನುವುದು ಬೇಡ. ಟಿಂಕುವಿಗೆ ಹೆದರದ ಮಗು ಆ ಮಾತಿಗೆ ಹೆದರುತ್ತದೆ.

ವೈದ್ಯರನ್ನು ಕಾಣಬೇಕಾದ ಲಕ್ಷಣಗಳು ಬೇರೆ ಇವೆ. ಗೆಳತಿಯೇ ತನ್ನನ್ನು ಹೆದರಿಸುತ್ತಾಳೆ, ‘ಹೊಡಿ, ಬೀಳು’ ಅಂತ ಹೇಳುತ್ತಾಳೆ, ಬೇಡ ಅಂದರೂ ಹೋಗುವುದಿಲ್ಲ ಅಂತ ಮಗು ಹೇಳಿದರೆ. ಎದುರಿಗಿರುವ ಮಕ್ಕಳ ಕಡೆ ತಿರುಗಿಯೂ ನೋಡದಿದ್ದರೆ. ಬರುತ್ತಿದ್ದ ಮಾತು ಕಮ್ಮಿಯಾಗುತ್ತಿದ್ದರೆ. ಕರೆದರೂ ಕೇಳದಂತೆ ಕೆಲವು ಕ್ಷಣ ಒಂದೇ ಕಡೆ ದಿಟ್ಟಿಸುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೊದಲು ಫೋನಿನಲ್ಲಿ ಕೇಳಬೇಕು ಅನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಐದು ವರ್ಷದ ಮಗ ಶಾಲೆಯಲ್ಲಿ ‘ನಮ್ಮನೇಲಿ ಆನೆ ಇದೆ, ದಿನಾ ಅದರ ಮೇಲೆ ಕೂತು ಬರ್ತೀನಿ’ ಅಂದನಂತೆ. ಸುಳ್ಳು ಹೇಳುವುದು ಕಲಿತಿದ್ದಾನೆ ಅಂತ ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದಾರೆ.
— ತಂದೆ, ಹಾಸನ

ಸುಳ್ಳಿಗೆ ಒಂದು ಲಾಭ ಇರಬೇಕು: ಪೆಟ್ಟು ತಪ್ಪಿಸಿಕೊಳ್ಳುವುದು, ತಿಂಡಿ ಗಿಟ್ಟಿಸುವುದು. ಆನೆಯಿಂದ ನಿಮ್ಮ ಮಗನಿಗೆ ಏನೂ ಗಿಟ್ಟಿಲ್ಲ, ಕೇಳುವವರ ಕಣ್ಣು ಅರಳಿದ್ದು ಬಿಟ್ಟರೆ. ಇದು ಕಥೆ. ಅವನಿಗೆ ಬೇಕಿರುವುದು ಕಥೆ ಎಲ್ಲಿ ಶುರುವಾಗುತ್ತದೆ ಅಂತ ಗುರುತು ಹಾಕುವ ಒಂದು ಮಾತು. ಮನೆಯಲ್ಲಿ ‘ಇದು ಕಥೆಯಾ, ನಡೆದದ್ದಾ?’ ಅಂತ ಬೈಯುವ ದನಿ ಇಲ್ಲದೆ ಕೇಳುವ ರೂಢಿ ಇಟ್ಟುಕೊಳ್ಳಿ. ‘ಕಥೆ’ ಅಂದರೆ ಮುಂದುವರಿಸಲಿ, ಆನೆಗೆ ಎಲ್ಲಿ ಸ್ನಾನ, ಬಾಗಿಲಲ್ಲಿ ಹೇಗೆ ಹಿಡಿಸಿತು ಅಂತ ನೀವೂ ಕೇಳಿ. ಟೀಚರಿಗೂ ಇದೇ ಪ್ರಶ್ನೆ ಕೇಳುವಂತೆ ಡೈರಿಯಲ್ಲೇ ವಿನಂತಿಸಿ ಬರೆಯಿರಿ. ಬಿದ್ದ ಪೆಟ್ಟು, ಯಾರೋ ಮೈ ಮುಟ್ಟಿದ್ದು, ಹೊಟ್ಟೆನೋವು, ಈ ಮೂರರ ವಿಷಯದಲ್ಲಿ ಮಾತ್ರ ಮಗು ಹೇಳಿದ್ದನ್ನು ಕಥೆ ಅಂತ ತಳ್ಳಿಹಾಕಬೇಡಿ. ಮೊದಲು ನಂಬಿ, ಆಮೇಲೆ ವಿಚಾರಿಸಿ.

ಮೂರೂವರೆ ವರ್ಷದ ಮಗಳು ರಾತ್ರಿ ಹತ್ತೂವರೆ ಸುಮಾರಿಗೆ ಕಿರುಚಿಕೊಂಡು ಏಳುತ್ತಾಳೆ. ಕಣ್ಣು ಬಿಟ್ಟಿರುತ್ತಾಳೆ, ನಮ್ಮನ್ನು ಗುರುತಿಸುವುದಿಲ್ಲ, ಎತ್ತಿಕೊಂಡರೆ ತಳ್ಳುತ್ತಾಳೆ. ಬೆಳಗ್ಗೆ ಕೇಳಿದರೆ ಏನೂ ನೆನಪಿಲ್ಲ. ಸಂಜೆ ಹೇಳುವ ರಾಕ್ಷಸನ ಕಥೆಯಿಂದ ಹೀಗಾಗುತ್ತಿದೆಯೇ?
— ತಾಯಿ, ಧಾರವಾಡ

ಕಥೆಯ ಮೇಲೆ ಅಪವಾದ ಹೊರಿಸಬೇಡಿ. ಕೆಟ್ಟ ಕನಸು ಸಾಮಾನ್ಯವಾಗಿ ಬೆಳಗಿನ ಜಾವದ ಕಡೆಗೆ ಬೀಳುತ್ತದೆ; ಮಗು ಪೂರ್ತಿ ಎಚ್ಚರಗೊಂಡು, ಅಮ್ಮನನ್ನು ಅಪ್ಪಿಕೊಂಡು, ಕಂಡದ್ದನ್ನು ಹೇಳುತ್ತದೆ. ನಿಮ್ಮ ಮಗಳದ್ದು ವೈದ್ಯರು ನೈಟ್ ಟೆರರ್ ಅನ್ನುವ ಬಗೆಯದು. ಮಲಗಿದ ಒಂದರಿಂದ ಮೂರು ಗಂಟೆಯೊಳಗೆ, ಗಾಢ ನಿದ್ದೆಯಿಂದ ಹೊರಬರುವಾಗ ಮಿದುಳು ಅರ್ಧ ಎಚ್ಚರ, ಅರ್ಧ ನಿದ್ದೆಯಲ್ಲಿ ಸಿಕ್ಕಿಕೊಂಡಾಗ ಹೀಗಾಗುತ್ತದೆ. ನೋಡುವವರಿಗೆ ಎದೆ ಒಡೆದಂತಾಗುತ್ತದೆ, ಮಗುವಿಗೆ ಅದರ ಅರಿವೇ ಇರುವುದಿಲ್ಲ.

ಆ ಹೊತ್ತಿನಲ್ಲಿ ಅಲುಗಾಡಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಚಿಮುಕಿಸಬೇಡಿ, ದೀಪಗಳನ್ನೆಲ್ಲ ಹಾಕಬೇಡಿ. ಮಂಚದಿಂದ ಬೀಳದಂತೆ ಪಕ್ಕದಲ್ಲಿ ಕೂತು, ಮೆಲುದನಿಯಲ್ಲಿ ಒಂದೇ ಮಾತನ್ನು ಹೇಳುತ್ತಿರಿ. ಕೆಲವೇ ನಿಮಿಷದಲ್ಲಿ ತಾನಾಗಿ ಮಲಗುತ್ತಾಳೆ. ಬೆಳಗ್ಗೆ ಅದರ ವರ್ಣನೆ ಬೇಡ.

ಇದಕ್ಕೆ ಹೆಚ್ಚಿನ ಸಲ ಕಾರಣ ನಿದ್ದೆಯ ಕೊರತೆ. ಮಧ್ಯಾಹ್ನದ ನಿದ್ದೆ ಬಿಟ್ಟ ಹೊಸತರಲ್ಲಿ, ಜ್ವರ ಬಂದಾಗ, ಮದುವೆ-ಜಾತ್ರೆ ಅಂತ ತಡವಾಗಿ ಮಲಗಿದ ರಾತ್ರಿ ಇದು ಜಾಸ್ತಿ. ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಹಗಲಿನ ನಿದ್ದೆಯೂ ಸೇರಿ. ಮಲಗುವ ಹೊತ್ತನ್ನು ಅರ್ಧ ಗಂಟೆ ಹಿಂದಕ್ಕೆ ತನ್ನಿ, ಮಲಗುವ ಮುಂಚೆ ಮೂತ್ರಕ್ಕೆ ಕಳಿಸಿ. ಏಳುವುದು ದಿನವೂ ಹತ್ತೂವರೆಗೇ ಆದರೆ ಹತ್ತೂಕಾಲಿಗೆ ಹೋಗಿ ಬೆನ್ನು ಸವರಿ, ಒಂದು ಸಲ ಮಗ್ಗುಲು ಬದಲಿಸುವಷ್ಟು ಮಾತ್ರ ಎಚ್ಚರಿಸಿ ಬಿಟ್ಟುಬಿಡಿ. ಎರಡರಿಂದ ನಾಲ್ಕು ವಾರ ತಪ್ಪದೆ ಮಾಡಿ, ಅನೇಕ ಮಕ್ಕಳಲ್ಲಿ ಇದರಿಂದ ಆ ಸರಪಳಿ ಕಡಿಯುತ್ತದೆ. ಕೈಕಾಲು ಒಂದೇ ತಾಳದಲ್ಲಿ ಸೆಳೆಯುವುದು, ಒಂದೇ ರಾತ್ರಿ ಹಲವು ಸಲ ಆಗುವುದು, ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುವುದು ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ವೈದ್ಯರಿಗೆ ತೋರಿಸಿ. ಬಾಯಲ್ಲಿ ವರ್ಣಿಸುವುದಕ್ಕಿಂತ ಆ ವಿಡಿಯೊದಿಂದ ಅವರಿಗೆ ಬೇಗ ತಿಳಿಯುತ್ತದೆ.

ನಮ್ಮ ಮದುವೆಗೆ ಹತ್ತು ವರ್ಷವಾಯಿತು. ಆಲ್ಬಂ ತೆಗೆದು ನೋಡುತ್ತಿದ್ದರೆ ನಾಲ್ಕು ವರ್ಷದ ಮಗಳು ‘ನನ್ನನ್ನ ಯಾಕೆ ಮದುವೆಗೆ ಕರೀಲಿಲ್ಲ?’ ಅಂತ ಅತ್ತೂ ಅತ್ತೂ ಸಾಕಾದಳು. ಏನು ಹೇಳಬೇಕು?
— ದಂಪತಿ, ಮೈಸೂರು

‘ನೀನು ಅಮ್ಮನ ಹೊಟ್ಟೆಯಲ್ಲಿದ್ದೆ’ ಅಂತ ಮಾತ್ರ ಹೇಳಬೇಡಿ. ಸಮಾಧಾನಕ್ಕೆ ಹೇಳಿದ ಆ ಮಾತನ್ನು ಅವಳು ನೆಂಟರೆಲ್ಲರ ಮುಂದೆ ಹೇಳುತ್ತಾಳೆ, ಲೆಕ್ಕ ಬರುವ ವಯಸ್ಸಿಗೆ ಅದು ಮುಜುಗರವಾಗಿ ತಿರುಗುತ್ತದೆ. ನಾಲ್ಕರ ಮಗುವಿಗೆ ‘ನಾನು ಹುಟ್ಟುವ ಮುಂಚೆ’ ಅನ್ನುವುದು ಕಲ್ಪನೆಗೆ ನಿಲುಕದ ಸಂಗತಿ. ತಾನಿಲ್ಲದ ಲೋಕ ಒಂದಿತ್ತು ಅಂತ ಒಪ್ಪಿಕೊಳ್ಳುವುದು ದೊಡ್ಡ ಕೆಲಸ. ಮಾತಿನಲ್ಲಿ ವಿವರಿಸುವುದು ಬಿಟ್ಟು ಕೈಗೆ ಸಿಗುವ ಹಾಗೆ ಮಾಡಿ.

ಹೂ ಕಟ್ಟುವ ದಪ್ಪ ದಾರವನ್ನೋ ಸೆಣಬಿನ ಹುರಿಯನ್ನೋ ತೆಗೆದುಕೊಳ್ಳಿ. ತುದಿಯಲ್ಲಿ ಮದುವೆಯ ಗುರುತಿಗೆ ಅರಿಸಿನದ ಕೊನೆಯೊಂದನ್ನು ಕಟ್ಟಿ. ಅಲ್ಲಿಂದ ಮಗಳ ಕೈಯಲ್ಲೇ ಗೇಣು ಹಾಕಿಸಿ, ಗೇಣಿಗೊಂದು ಗಂಟು, ವರ್ಷಕ್ಕೊಂದು ಗಂಟು. ಆರನೇ ಗಂಟಿನಲ್ಲಿ ಅವಳ ಹಳೇ ಬಟ್ಟೆಯ ಚೂರು ಕಟ್ಟಿ: ‘ಇಲ್ಲಿ ನೀನು ಬಂದೆ’. ಹತ್ತನೆಯದು ಇವತ್ತು. ನೆಲದ ಮೇಲೆ ಉದ್ದಕ್ಕೆ ಹಾಸಿ ಅದರ ಪಕ್ಕ ನಡೆಸಿ. ಪ್ರತಿ ಗಂಟಿಗೂ ಒಂದೊಂದು ಸಂಗತಿ ಹೇಳಿ: ಈ ಮನೆಗೆ ಬಂದದ್ದು, ಸ್ಕೂಟರ್ ತಂದದ್ದು, ಅಜ್ಜನಿಗೆ ಹುಷಾರಿಲ್ಲದಾದದ್ದು. ಮದುವೆಯ ತುದಿಯಿಂದ ತನ್ನ ಗಂಟಿನವರೆಗೆ ಎಷ್ಟು ದೂರ ಅಂತ ಕಾಲಿಗೆ ಗೊತ್ತಾದ ಮೇಲೆ ಅಳು ಕಡಿಮೆಯಾಗುತ್ತದೆ. ಆಟ ಮುಗಿದ ಕೂಡಲೆ ದಾರವನ್ನು ಎತ್ತಿಡಿ, ಮಗುವಿನ ಕೈಗೆ ಬಿಡಬೇಡಿ. ಆಮೇಲೊಂದು ಬಿಳಿ ಹಾಳೆ ಕೊಟ್ಟು ‘ನೀನು ಬಂದಿದ್ದರೆ ಎಲ್ಲಿ ನಿಲ್ತಿದ್ದೆ, ಬರಿ’ ಅನ್ನಿ. ಬರೆದ ಚಿತ್ರದ ಹಿಂದೆ ತಾರೀಖು ಹಾಕಿ ಆಲ್ಬಮ್ಮಿನೊಳಗೆ ಇಡಿ. ಇಪ್ಪತ್ತೈದನೇ ವರ್ಷಕ್ಕೆ ನೀವು ಮೊದಲು ಹುಡುಕುವುದು ಆ ಹಾಳೆಯನ್ನೇ.

ಬರುವ ಮಾಘಕ್ಕೆ ನಮ್ಮ ಮದುವೆಯ ಬೆಳ್ಳಿಹಬ್ಬ. ಧಾರೆ ಸೀರೆಯನ್ನೇ ಉಡಬೇಕೆಂದು ಆಸೆ. ಬೀರುವಿನಿಂದ ತೆಗೆದರೆ ಮಡಿಕೆಯಲ್ಲಿ ಎರಡು ಕಡೆ ಸೀಳಿದೆ, ಜರಿ ಮಂಕಾಗಿದೆ. ಸರಿಮಾಡಬಹುದೇ?
— ಗೃಹಿಣಿ, ದಾವಣಗೆರೆ

ಬಹುಪಾಲು ಮಾಡಬಹುದು, ಆದರೆ ಎರಡು ತಿಂಗಳು ಮುಂಚೆಯೇ ಶುರುಮಾಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ರೇಷ್ಮೆಯ ಎಳೆ ಅದೇ ಗೆರೆಯಲ್ಲಿ ಒಣಗಿ ಮುರಿಯುತ್ತದೆ. ಜರಿಯ ಭಾರವೂ ಅಲ್ಲೇ ಬೀಳುತ್ತದೆ. ಅಂಚು ಒಂದು ಬಣ್ಣ, ಮೈ ಒಂದು ಬಣ್ಣ ಇರುವ ಸೀರೆಯಾದರೆ ಎರಡೂ ಕೂಡುವ ಗೆರೆಯನ್ನು ವಿಶೇಷವಾಗಿ ನೋಡಿ.

ನೆಲಕ್ಕೆ ಒಗೆದ ಬಿಳಿ ಪಂಚೆ ಹಾಸಿ, ಇಬ್ಬರು ಎರಡು ತುದಿ ಹಿಡಿದು ಸೀರೆಯನ್ನು ಬಿಚ್ಚಿ. ಒಬ್ಬರೇ ಎಳೆದರೆ ಸೀಳು ಬೆಳೆಯುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ತೂತು, ಸೀಳು, ತೆಳುವಾದ ಜಾಗಗಳಿಗೆ ಬಿಳಿ ದಾರದ ಒಂದೊಂದು ಸಡಿಲ ಹೊಲಿಗೆ ಹಾಕಿ ಗುರುತು ಮಾಡಿ. ಆಮೇಲೆ ಗಟ್ಟಿತನದ ಪರೀಕ್ಷೆ: ಸೊಂಟಕ್ಕೆ ಸಿಕ್ಕಿಸುವ ಒಳತುದಿಯಲ್ಲಿ ಒಂದು ಇಂಚು ಬಟ್ಟೆಯನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ‘ಪಟ್’ ಅಂತ ಎಳೆ ಬಿಟ್ಟರೆ ಆ ಸೀರೆಯನ್ನು ಉಡುವಂತಿಲ್ಲ, ನೆರಿಗೆ ಹಿಡಿಯುವಾಗಲೇ ಹರಿಯುತ್ತದೆ. ಆಗ ಸೆರಗು ಮತ್ತು ಅಂಚನ್ನು ಬಿಡಿಸಿ ಅದೇ ಬಣ್ಣದ ಹೊಸ ರೇಷ್ಮೆಗೆ ಹೊಲಿಸುವುದೊಂದೇ ದಾರಿ. ಧಾರೆಯ ಸೆರಗು ಹೆಗಲ ಮೇಲೆ ಇದ್ದೇ ಇರುತ್ತದಲ್ಲ.

ಬಟ್ಟೆ ಗಟ್ಟಿಯಿದ್ದರೆ ಎರಡು ಗಂಟೆ ನೆರಳಿನಲ್ಲಿ ಗಾಳಿಗೆ ಹರವಿ. ಅರ್ಧ ಇಂಚಿನೊಳಗಿನ ಸೀಳಿಗೆ ರಫೂ ಮಾಡಿಸಿ, ಎಳೆಯನ್ನು ಸೀರೆಯ ಒಳತುದಿಯಿಂದಲೇ ತೆಗೆಯಲು ಹೇಳಿ, ಬಣ್ಣ ಕೂಡುತ್ತದೆ. ಅದಕ್ಕಿಂತ ಉದ್ದದ ಸೀಳಿಗೆ ಹಿಂದುಗಡೆಯಿಂದ ತೆಳು ಮಲ್ ಬಟ್ಟೆ ಕೊಟ್ಟು ಸಣ್ಣ ಕೈಹೊಲಿಗೆ. ಇಸ್ತ್ರಿಯ ಬಿಸಿಗೆ ಅಂಟುವ ಪಟ್ಟಿ ಹಚ್ಚಿಸಬೇಡಿ, ಅದರ ಅಂಚಿನಲ್ಲೇ ಮತ್ತೆ ಸೀಳುತ್ತದೆ. ಜರಿಯ ಮಂಕು ಹೋಗಲಿ ಅಂತ ಹುಣಸೆಹಣ್ಣು, ಟೂತ್‌ಪೇಸ್ಟ್ ತಿಕ್ಕುವುದನ್ನು ದಯವಿಟ್ಟು ಮಾಡಬೇಡಿ. ಅಸಲಿ ಜರಿಯ ಮೇಲ್ಮೈಯ ಚಿನ್ನದ ಲೇಪ ತೆಳ್ಳಗಿರುತ್ತದೆ, ತಿಕ್ಕಿದರೆ ಅದೇ ಹೋಗುತ್ತದೆ. ಇಪ್ಪತ್ತೈದು ವರ್ಷದ ಜರಿ ಸ್ವಲ್ಪ ಮಾಗಿದಂತೆ ಕಾಣುವುದೇ ಚೆಂದ. ರಫೂ ಆದ ಮೇಲೆ ರೇಷ್ಮೆ ಗೊತ್ತಿರುವ ಅಂಗಡಿಯಲ್ಲಿ ಡ್ರೈಕ್ಲೀನ್ ಮಾಡಿಸಿ, ಸೀಳಿದ್ದ ಜಾಗಗಳನ್ನು ತೋರಿಸಿಯೇ ಕೊಡಿ. ಇಸ್ತ್ರಿ ಉಲ್ಟಾ ಬದಿಯಿಂದ, ಮೇಲೆ ಬಿಳಿ ಹತ್ತಿ ಬಟ್ಟೆ ಹಾಸಿ, ಕಮ್ಮಿ ಬಿಸಿಯಲ್ಲಿ. ನೀರು ಚಿಮುಕಿಸಿದರೆ ಕಲೆ ನಿಲ್ಲುತ್ತದೆ.

ಹಳೇ ರವಿಕೆ ಈಗ ಹಿಡಿಸದು. ಪಕ್ಕದಲ್ಲಿ ಬಿಟ್ಟ ಬಟ್ಟೆ ಇದ್ದರೆ ಬಿಚ್ಚಿಸಿ ನೋಡಿ, ಇಲ್ಲದಿದ್ದರೆ ತೋಳಿನ ಅಂಚನ್ನು ತೆಗೆದು ಹೊಸ ರವಿಕೆಗೆ ಹಚ್ಚಿಸಿ. ಪಿನ್ನನ್ನು ಹೆಗಲ ಮೇಲೆ ಒಂದೇ ಪದರಕ್ಕೆ ಚುಚ್ಚದೆ, ಅಡಿಯಲ್ಲಿ ಚಿಕ್ಕ ಬಟ್ಟೆಯ ತುಂಡು ಇಟ್ಟು ಚುಚ್ಚಿ. ಸೆಂಟನ್ನು ಸೀರೆ ಉಡುವ ಮುಂಚೆ ಹಾಕಿಕೊಳ್ಳಿ. ಆರತಿ, ಹಾರ, ಫೋಟೊ ಮುಗಿದ ಮೇಲೆ, ಊಟಕ್ಕೆ ಕೂರುವ ಮುಂಚೆ ಬದಲಾಯಿಸಿಬಿಡಿ. ಆಮೇಲೆ ಒಂದು ರಾತ್ರಿ ಗಾಳಿಗೆ ಬಿಟ್ಟು, ಪ್ಲಾಸ್ಟಿಕ್ ಕವರು ಬಿಟ್ಟು ಹಳೇ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗಬಾರದು.

ಅಪ್ಪ ಹುಟ್ಟಿದ್ದು 1966ರ ಅಕ್ಟೋಬರ್‌ನಲ್ಲಿ. ಅರವತ್ತರ ಶಾಂತಿ ಯಾವಾಗ? ಒಬ್ಬರು 59 ತುಂಬಿದಾಗ ಅನ್ನುತ್ತಾರೆ, ಇನ್ನೊಬ್ಬರು 60 ತುಂಬಿದಾಗ ಅನ್ನುತ್ತಾರೆ.
— ಮಗಳು, ತುಮಕೂರು

ಇಬ್ಬರ ಮಾತೂ ಸರಿ, ಅವರು ಹೇಳುತ್ತಿರುವುದು ಎರಡು ಬೇರೆ ಕರ್ಮಗಳ ಬಗ್ಗೆ. 59 ತುಂಬಿ ಅರವತ್ತಕ್ಕೆ ಕಾಲಿಡುವಾಗ ಉಗ್ರರಥ ಶಾಂತಿ. 60 ತುಂಬಿದಾಗ ಷಷ್ಟ್ಯಬ್ದಪೂರ್ತಿ. ನಮ್ಮಲ್ಲಿ ಹೆಚ್ಚಿನ ಮನೆಗಳು ಮತ್ತೆ ಮಾಂಗಲ್ಯಧಾರಣೆ ಮಾಡಿಸಿ ಸಂಭ್ರಮಿಸುವುದು ಎರಡನೆಯದನ್ನು. ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳು ಒಂದು ಸುತ್ತು ಬಂದು ಹುಟ್ಟಿದ ಸಂವತ್ಸರವೇ ಮರಳುವುದು ಇದರ ತಿರುಳು. 1966ರ ಯುಗಾದಿಯಿಂದ 1967ರ ಯುಗಾದಿಯವರೆಗೆ ಪರಾಭವ ಸಂವತ್ಸರ. 2026ರ ಯುಗಾದಿಗೆ ಶುರುವಾಗುವುದೂ ಪರಾಭವವೇ. ಆ ವರ್ಷದಲ್ಲಿ ಅಪ್ಪನ ಜನ್ಮಮಾಸದ ಜನ್ಮನಕ್ಷತ್ರದ ದಿನ ಹುಡುಕಿಸಿ. ಸೌರಮಾನ ಹಿಡಿಯುವ ಮನೆಯಾದರೆ ದಿನ ವ್ಯತ್ಯಾಸವಾಗುತ್ತದೆ, ಛತ್ರ ಗೊತ್ತುಮಾಡುವ ಮುಂಚೆ ಪುರೋಹಿತರಲ್ಲಿ ಇದನ್ನು ಬಿಡಿಸಿ ಕೇಳಿ. ಮುಂದೆ ಎಪ್ಪತ್ತಕ್ಕೆ ಭೀಮರಥ ಶಾಂತಿ. ಸಹಸ್ರ ಚಂದ್ರ ದರ್ಶನದ ಲೆಕ್ಕವನ್ನು ನೀವೇ ಹಾಕಬಹುದು: ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.53 ದಿನ, ಸಾವಿರ ಹುಣ್ಣಿಮೆಗೆ 29,530 ದಿನ, ಅಂದರೆ 80 ವರ್ಷ 10 ತಿಂಗಳ ಹತ್ತಿರ.

ಹೆಚ್ಚು ಮಂದಿ ಮರೆಯುವ ಸಂಗತಿಯೊಂದಿದೆ. ಕಲಶದ ನೀರು ಸುರಿಯುವಾಗ ಅಪ್ಪ-ಅಮ್ಮ ಇಬ್ಬರೂ ನೆನೆಯುತ್ತಾರೆ, ಛತ್ರದ ನುಣುಪು ಗ್ರಾನೈಟ್ ಮೇಲೆ ಆ ಒದ್ದೆ ಕಾಲಿನಲ್ಲೇ ಏಳಬೇಕು. ಮಣೆಯ ಅಡಿಗೆ, ಇಳಿದು ನಡೆಯುವ ದಾರಿಗೆ ಜಾರದ ಮ್ಯಾಟ್ ಹಾಸಿ, ನೀರು ಉಗುರುಬೆಚ್ಚಗಿರಲಿ, ಒಣಬಟ್ಟೆ ಹಿಡಿದು ಒಬ್ಬರು ಅಲ್ಲೇ ನಿಂತಿರಿ. ಅಪ್ಪನಿಗೆ ಸಕ್ಕರೆ ಕಾಯಿಲೆಯಿದ್ದರೆ ಉಪವಾಸ, ಮಾತ್ರೆಯ ಹೊತ್ತು ಎರಡನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಮೊಮ್ಮಕ್ಕಳಿದ್ದರೆ ಹೋಮದ ಹೊಗೆಯ ಪಕ್ಕ ಗಂಟೆಗಟ್ಟಲೆ ಕೂರಿಸದೆ, ಬಂದವರಿಗೆ ಅಕ್ಷತೆ ಹಂಚುವ ಬಟ್ಟಲನ್ನು ಅವರ ಕೈಗೆ ಕೊಡಿ.

ನಾನು ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೇನೆ. ಮೂರು ವರ್ಷದ ಮಗ ಉಡುಪಿಯಲ್ಲಿ. ವಿಡಿಯೊ ಕಾಲ್ ಮಾಡಿದರೆ ‘ಹಲೋ ಪಪ್ಪ’ ಅಂದು ಓಡಿಹೋಗುತ್ತಾನೆ. ಬೇಸರವಾಗುತ್ತದೆ.
— ತಂದೆ, ಮಸ್ಕತ್

ಅವನು ನಿಮ್ಮನ್ನು ಬೇಡ ಅನ್ನುತ್ತಿಲ್ಲ. ‘ಊಟ ಆಯ್ತಾ, ಏನು ಮಾಡ್ತಿದ್ದೀ’ ಅನ್ನುವ ಪ್ರಶ್ನೆಗಳಲ್ಲಿ ಮೂರರ ಮಗುವಿಗೆ ಮಾಡಲು ಏನೂ ಇಲ್ಲ. ಮಾತು ಬಿಡಿ, ಆಟ ತನ್ನಿ. ಊರಿನಲ್ಲಿ ಫೋನನ್ನು ಯಾರೂ ಕೈಯಲ್ಲಿ ಹಿಡಿಯದೆ, ಮಗ ಆಡುವ ಜಾಗದಲ್ಲಿ ನೆಲಮಟ್ಟಕ್ಕೆ ಡಬ್ಬಿಗೆ ಒರಗಿಸಿ ಇಡಲಿ. ಅವನು ಓಡಿಹೋದರೆ ಹೋಗಲಿ, ನೀವು ಅಲ್ಲೇ ಇರಿ, ತಿರುಗಿ ಬರುತ್ತಾನೆ.

ಎರಡೂ ಕಡೆ ಒಂದೇ ಬಗೆಯ ಐದು ವಸ್ತು ಇರುವ ಡಬ್ಬಿ ಮಾಡಿ: ಚಮಚ, ಕೆಂಪು ಕರವಸ್ತ್ರ, ಚನ್ನಪಟ್ಟಣದ ಮರದ ಬುಗುರಿ, ಕಾಗದದ ದೋಣಿ, ಒಂದು ಕಾಲುಚೀಲ. ಬಟನ್ ಸೆಲ್ ಹಾಕುವ ಆಟಿಕೆ ಮಾತ್ರ ಬೇಡ. ನುಂಗಿದರೆ ಅದು ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ನೀವು ಕಾಲುಚೀಲವನ್ನು ಕೈಗೆ ಹಾಕಿ ಮೊಲ ಮಾಡಿದರೆ ಅವನೂ ಮಾಡುತ್ತಾನೆ. ನೀವು ಚಮಚವನ್ನು ಕರವಸ್ತ್ರದಡಿ ಬಚ್ಚಿಟ್ಟರೆ ಅವನು ಹುಡುಕಿ ಹೇಳುತ್ತಾನೆ. ಅವನು ಕ್ಯಾಮೆರಾಕ್ಕೆ ಸುಳ್ಳುಸುಳ್ಳೇ ಇಡ್ಲಿ ತಿನ್ನಿಸಿದರೆ ಬಾಯಿ ತೆರೆದು ತಿನ್ನಿ, ಖಾರ ಅಂತ ಒದ್ದಾಡಿ, ನೀರು ಕೇಳಿ. ಇಲ್ಲೂ ಆಟ ಅವನದೇ, ಅವನು ಆನೆ ಅಂದರೆ ನೀವು ಆನೆ.

ದಿನವೂ ಒಂದೇ ಹೊತ್ತು ಇಟ್ಟುಕೊಳ್ಳಿ. ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ, ಊರಿನ ಸಂಜೆ ಏಳು ನಿಮಗೆ ಐದೂವರೆ. ಆ ಹೊತ್ತಿಗೆ ಕೆಲಸ ಬಿಡದಿದ್ದರೆ ಬೆಳಗ್ಗೆ ಅವನ ತಿಂಡಿಯ ಹೊತ್ತು ಹಿಡಿಯಿರಿ. ಏಳೆಂಟು ನಿಮಿಷ ಸಾಕು. ಎಳೆದು ಅರ್ಧ ಗಂಟೆ ಮಾಡಿದರೆ ಮರುದಿನ ಅವನು ಬರುವುದಿಲ್ಲ. ಆಟವನ್ನು ಅರ್ಧದಲ್ಲಿ ನಿಲ್ಲಿಸಿ, ‘ಮೊಲ ಈಗ ಮಲಗಿತು, ನಾಳೆ ನೀನೇ ಎಬ್ಬಿಸಬೇಕು’ ಅಂತ ಕಾಲುಚೀಲವನ್ನು ಅವನ ಕಣ್ಣೆದುರೇ ಡಬ್ಬಿಯಲ್ಲಿಟ್ಟು ಮುಚ್ಚಿ. ಕೆಂಪು ಗುಂಡಿ ಒತ್ತುವುದನ್ನು ಅವನಿಗೇ ಬಿಡಿ.